ಫ್ಲೋರೋದಲ್ಲಿ ನಾಲ್ಕು ಹಲ್ಲು, ಓಸ್ಲೋದಲ್ಲಿ ಒಂಬತ್ತು

ಡಿಸೆಂಬರ್ 4, ಬುಧವಾರ

ತೆರಿಗೆ ಪಟ್ಟಿ ಬಂತು. ಹೋದ ವರ್ಷ ದೇಶದಲ್ಲಿ ಯಾರು ಎಷ್ಟು ಗಳಿಸಿದರೆಂದು ಇನ್ನು ಯಾರು ಬೇಕಾದರೂ ನೋಡಬಹುದು. ಪ್ರತಿ ವರ್ಷ ಈ ದಿನ ನಾನು ಮೂಗು ಮುರಿಯುವವಳು. ಪಕ್ಕದ ಮನೆಯ ಒಲೆಯಲ್ಲಿ ಏನು ಬೇಯುತ್ತಿದೆ ಎಂದು ಇಣುಕುವ ಬುದ್ಧಿ ನನ್ನದಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಇವತ್ತು ಇಣುಕಿದೆ. ಒಡ್ನಿಯ ಹೆಸರು ಹೊಡೆದೆ. ಎಂಟು ಲಕ್ಷದ ಅರವತ್ತಮೂರು ಸಾವಿರ ಕ್ರೋನರ್. ನನ್ನದು ನಾಲ್ಕು ಲಕ್ಷದ ತೊಂಬತ್ತೆರಡು ಸಾವಿರ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಸಂಖ್ಯೆ ಬದಲಾಗಲಿಲ್ಲ.

ಹದಿನೆಂಟು ವರ್ಷ ನಾವಿಬ್ಬರೂ ಇದೇ ಫ್ಲೋರೋದಲ್ಲಿ ಒಂದೇ ಮೇಜಿನ ಎರಡು ಬದಿಗೆ ಕೂತು ದಂತವೈದ್ಯರಿಗೆ ಕೃತಕ ಹಲ್ಲು ಮಾಡಿಕೊಟ್ಟವರು. ಪಿಂಗಾಣಿಯ ಮೇಲೆ ಪಿಂಗಾಣಿ ಹೇಗೆ ಎಳೆಯಬೇಕು, ಸುಡುವಾಗ ಬಣ್ಣ ಎಲ್ಲಿ ಇಂಗಿಹೋಗುತ್ತದೆ ಎಂದು ಅವಳಿಗೆ ತೋರಿಸಿಕೊಟ್ಟವಳು ನಾನು. ಮೂರು ವರ್ಷದ ಹಿಂದೆ ಅವಳು ಅದೇ ಕಂಪನಿಯ ಓಸ್ಲೋ ಶಾಖೆಗೆ ಹೋದಳು. ಅದೇ ಕಂಪನಿ, ಅದೇ ಕೆಲಸ, ಅದೇ ಹಲ್ಲು.

ನನ್ನ ಗಂಡ ಲೈಡುಲ್ಫ್ ಹಡಗುಕಟ್ಟೆಯಿಂದ ಬಂದು ಬೂಟು ಬಿಚ್ಚುತ್ತ ನನ್ನ ಮುಖ ನೋಡಿದ.

"ಎಂತ ಮಾರಾಯ್ತಿ, ಯಾರು ತೀರಿಹೋದ್ರು?"

"ಒಡ್ನಿ ನನ್ನ ದುಪ್ಪಟ್ಟು ತಗೊಳ್ತಾಳೆ."

ಅವನು ಪರದೆಯನ್ನು ಓದಿದ. "ದುಪ್ಪಟ್ಟಿಗೆ ಸ್ವಲ್ಪ ಕಡಿಮೆ ಉಂಟಲ್ಲ," ಎಂದ. ಆಮೇಲೆ ಅವನ ಹುಬ್ಬು ಮೇಲೆ ಹೋಯಿತು. "ನಿನ್ನ ಹೆಸರಲ್ಲೇ ನೋಡಿದ್ಯಾ? ನೋಡಿದವರ ಹೆಸರು ಅವಳಿಗೆ ಕಾಣ್ತದೆ, ಗೊತ್ತುಂಟಲ್ಲ? ನಿನ್ನ ಅಣ್ಣನ ಹತ್ರ ಹೇಳಿದ್ರೆ ಅವ ತನ್ನ ಹೆಸರಲ್ಲಿ ನೋಡ್ತಿದ್ದ."

"ಕಾಣ್ಲಿ," ಎಂದೆ.

ಅವನು ಮೀನು ಕಾಯಿಸಲು ಹೋದ ಮೇಲೆ ಓಸ್ಲೋ ಶಾಖೆಯ ಪುಟ ತೆಗೆದು, ಅಲ್ಲಿರುವ ಒಬ್ಬೊಬ್ಬರ ಹೆಸರನ್ನೂ ತೆರಿಗೆ ಪಟ್ಟಿಯಲ್ಲಿ ಹೊಡೆದು ನೋಡುತ್ತ ಹೋದೆ. ಇಪ್ಪತ್ತೆರಡು ಹೆಸರು. ಕೊನೆಯದಕ್ಕೆ ಫೋಟೋ ಇರಲಿಲ್ಲ: ದನೂತಾ ವಿಲ್ಚೆಕ್, ಪ್ಯಾಕಿಂಗ್. ಎರಡು ಲಕ್ಷದ ಎಪ್ಪತ್ತೊಂದು ಸಾವಿರ. ಅದನ್ನು ದಾಟಿ ಮತ್ತೆ ಮೇಲಕ್ಕೆ ಹೋದೆ. ನನಗೆ ಬೇಕಿದ್ದದ್ದು ದೊಡ್ಡ ಸಂಖ್ಯೆಗಳು. ನೋಡಿ ನೋಡಿ ಹೊಟ್ಟೆ ಉರಿಸಿಕೊಂಡೆ. ಸುಖವೇ ಆಯಿತು.

ಡಿಸೆಂಬರ್ 9, ಸೋಮವಾರ

ಓಸ್ಲೋದಿಂದ ಪ್ರೇಬೆನ್ ಫೋನ್ ಮಾಡಿದ. ನಮ್ಮ ಎರಡೂ ಶಾಖೆಗೆ ಅವನೇ ಯಜಮಾನ. ಜೀವನದಲ್ಲಿ ಒಂದು ಹಲ್ಲು ಮಾಡಿದವನಲ್ಲ.

"ಗುನ್ವೋರ್, ಇಲ್ಲಿ ಊಟದ ಹೊತ್ತಲ್ಲಿ ಬರೀ ನಿಮ್ದೇ ಮಾತು. ಇಪ್ಪತ್ತೆರಡು ಜನರದ್ದೂ ನೋಡಿದ್ರಂತೆ. ನನ್ ಹೆಂಡ್ತೀದೊಂದು ಬಿಟ್ಬಿಟ್ರಿ, ಅವಳಿಗೆ ಬೇಜಾರಾಗಿದೆ."

ನಾನು ನಗಲಿಲ್ಲ. ಒಡ್ನಿಗೂ ನನಗೂ ಯಾಕೆ ಇಷ್ಟು ವ್ಯತ್ಯಾಸ ಎಂದು ನೇರವಾಗಿ ಕೇಳಿದೆ.

"ನೋಡಿ, ಇಲ್ಲಿ ತಲೆಗೆ ದಿನಕ್ಕೆ ಒಂಬತ್ತು ಹಲ್ಲು ಆಗತ್ತೆ. ಫ್ಲೋರೋದಲ್ಲಿ ನಾಲ್ಕು. ಇಲ್ಲಿ ಒಬ್ಬ ಆಕಾರ ಕೊರೀತಾನೆ, ಒಬ್ಳು ಬಣ್ಣ ಹಾಕ್ತಾಳೆ, ಇನ್ನೊಬ್ಬ ಹೊಳಪು ಕೊಡ್ತಾನೆ. ಡಾಕ್ಟರು ಕೆಳಗಿನ ಮಹಡೀಲೇ ಇದಾರೆ. ದೊಡ್ಡ ಊರಂದ್ರೆ ಹಾಗೆ, ಕೆಲಸ ತಾನೇ ಓಡತ್ತೆ."

"ಇಲ್ಲಿ ಅಚ್ಚು ಎರೆಯೋದ್ರಿಂದ ಹಿಡಿದು ನೆಲ ಗುಡಿಸುವ ತನಕ ನಾನೊಬ್ಳೇ ಮಾಡ್ತೇನೆ."

"ಅದೇ ನಾನ್ ಹೇಳ್ತಿರೋದು. ನೆಲ ಗುಡಿಸೋಕೆ ಯಾರೂ ಎಂಟು ಲಕ್ಷ ಕೊಡಲ್ಲ. ಅಲ್ದೆ ನಿಮ್ಮೂರಲ್ಲಿ ಜೀವನ ಅಗ್ಗ."

ಹಿತ್ತಲ ಗಿಡ ಮದ್ದಲ್ಲ. ಆದರೆ ಒಸಡಿನ ಪಕ್ಕದ ಬಣ್ಣ ಕೂಡದಿದ್ದಾಗ, ಓಸ್ಲೋದ ಅಷ್ಟೂ ಕೈಗಳಿಗೆ ಸಾಧ್ಯವಾಗದ ಮುಂದಿನ ಹಲ್ಲನ್ನು ಡಬ್ಬಿಯಲ್ಲಿಟ್ಟು ಈ ಹಿತ್ತಲಿಗೇ ಕಳಿಸುತ್ತಾರೆ. ಅದನ್ನು ಹೇಳಬೇಕಿತ್ತು. ಫೋನ್ ಇಟ್ಟ ಮೇಲೆ ಹೊಳೆಯಿತು.

ಒಡ್ನಿಯದೊಂದು ಸಂದೇಶವೂ ಬಂದಿದೆ. "ಒಂದ್ ಫೋನ್ ಮಾಡಿದ್ರೆ ನಾನೇ ಹೇಳ್ತಿದ್ನಲ್ವಾ." ಮೂರೇ ವರ್ಷಕ್ಕೆ ಊರಿನ ಮಾತನ್ನೂ ಬಿಟ್ಟಿದ್ದಾಳೆ. ಉತ್ತರ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಡಿಸೆಂಬರ್ 24, ಮಂಗಳವಾರ

ಉಪ್ಪು ಹಾಕಿ ಒಣಗಿಸಿದ ಕುರಿಯ ಪಕ್ಕೆಲುಬನ್ನು ಮೂರು ಗಂಟೆ ಹಬೆಯಲ್ಲಿ ಬೇಯಿಸಿದೆ. ಎಲ್ಲರೂ ಹೊಗಳಿದರು. ನಾನು ಮನಸ್ಸಿನಲ್ಲಿ ಬೇರೆಯದನ್ನು ಬೇಯಿಸುತ್ತಿದ್ದೆ.

ಜನವರಿ 14, ಮಂಗಳವಾರ

ಓಸ್ಲೋಗೆ ಹೋಗಿ ಬಂದೆ. ಪ್ರೇಬೆನ್‌ನೇ ಕರೆಸಿದ್ದ. ಇದೇ ಇಪ್ಪತ್ತಮೂರಕ್ಕೆ ನಲವತ್ತು ಜನ ದಂತವೈದ್ಯರನ್ನು ಸೇರಿಸಿ, ಅವರ ಕಣ್ಣೆದುರೇ ಒಬ್ಬ ರೋಗಿಗೆ ಮುಂದಿನ ಹಲ್ಲು ಕೂರಿಸಿ ತೋರಿಸುತ್ತಾರಂತೆ. ವೈದ್ಯರು ಮೆಚ್ಚಿದರೆ ಕೆಲಸ ಹರಿದುಬರುತ್ತದೆ. ಹಲ್ಲು ಮಾತ್ರ ನಾನೇ ಮಾಡಬೇಕು.

"ನಿಮ್ ಕೈಯೇ ಬೇಕು," ಎಂದ.

ಆಹ್ವಾನ ಪತ್ರಿಕೆ ಆಗಲೇ ಅಚ್ಚಾಗಿ ಬಂದಿತ್ತು. ಒಡ್ನಿಯ ಫೋಟೋ, ಒಡ್ನಿಯ ಹೆಸರು; ಹಲ್ಲು ಕೂರಿಸಿ ತೋರಿಸುವವಳು ಅವಳು. ಹಿಂದೆ ಮುಂದೆ ತಿರುಗಿಸಿದೆ. ನನ್ನ ಹೆಸರು ಎಲ್ಲೂ ಇಲ್ಲ.

ಅವರ ಕೆಲಸವನ್ನೂ ನೋಡಿದೆ. ಇಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಡ, ಆದ್ದರಿಂದ ಬರೆಯುತ್ತೇನೆ: ಅವರು ವೇಗವಾಗಿದ್ದಾರೆ. ಬಣ್ಣದಲ್ಲಿ ಅನುಮಾನ ಬಂದರೆ ಒಡ್ನಿ ಒಂದು ಮಹಡಿ ಇಳಿದು ರೋಗಿಯ ತುಟಿ ಎತ್ತಿ ನೋಡಿ ಬರುತ್ತಾಳೆ. ನಾನು ಫೋಟೋ ಹಿಡಿದುಕೊಂಡು ಎರಡು ದಿನ ತಲೆ ಕೆರೆದುಕೊಳ್ಳುತ್ತೇನೆ. ಪಕ್ಕದ ಮೇಜಿನವನು ಕಂಡುಕೊಂಡ ಉಪಾಯ ಮಧ್ಯಾಹ್ನದ ಹೊತ್ತಿಗೆ ಎಲ್ಲರ ಕೈಯಲ್ಲಿರುತ್ತದೆ. ನನ್ನ ಪಕ್ಕದ ಮೇಜಿನಲ್ಲಿ ಮೂರು ವರ್ಷದಿಂದ ಹೂಕುಂಡ ಇದೆ. ಹಾಗಾದರೆ ಒಡ್ನಿಯ ಅರ್ಧ ಸಂಬಳ ಅವಳದಲ್ಲ, ಆ ಊರಿನದು. ಇದು ನನ್ನ ಕೋಪವನ್ನು ಇಳಿಸಬೇಕಿತ್ತು, ಏರಿಸಿತು.

ಒಡ್ನಿ ಬಂದು ಅಪ್ಪಿಕೊಂಡಳು. "ನಿನ್ನ ನೋಡಿ ಎಷ್ಟು ದಿನ ಆಯ್ತು. ನೀನೂ ಇಲ್ಲಿಗೇ ಬಂದ್ಬಿಡೇ." ಮರದ ಕೊರಡಿನ ಹಾಗೆ ನಿಂತಿದ್ದೆ.

ಹೊರಡುವಾಗ ಪ್ಯಾಕಿಂಗ್ ಮೇಜಿನ ಹೆಂಗಸು ಡಬ್ಬಿ ತೆರೆಯುವುದನ್ನು ಗಮನಿಸಿದೆ. ಮೇಲಿನ ಚೀಟಿ ಓದಿ, ಹಲ್ಲನ್ನು ಆ ಹೆಸರಿನ ತಟ್ಟೆಗೆ ಹಾಕಿ, ಚೀಟಿಯನ್ನು ಕಸದ ಬುಟ್ಟಿಗೆ ಎಸೆಯುತ್ತಾಳೆ. ಗುರುತೇ ಉಳಿಯುವುದಿಲ್ಲ. ಒಳ್ಳೆಯ ಪದ್ಧತಿ.

"ಫ್ಲೋರೋ ಡಬ್ಬಿ ಅಂದ್ರೆ ನಾನು ಮೊದ್ಲು ತೆಗೀತೀನಿ," ಎಂದಳು ಅವಳು. "ಒಂದ್ಸಲಾನೂ ಒಡೆದು ಬಂದಿಲ್ಲ. ಮೇಡಂ, ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

ವಿಮಾನಕ್ಕೆ ಹೊತ್ತಾಗಿತ್ತು. ಬಂದುಬಿಟ್ಟೆ.

ಜನವರಿ 20, ಸೋಮವಾರ

ಮಾಡಿದೆ.

ಎರಡು ಹಲ್ಲು ಒಟ್ಟಿಗೆ ಮುಗಿದವು. ಒಂದು ಪ್ರದರ್ಶನದ ರೋಗಿಯದು, ಅರವತ್ತು ದಾಟಿದ, ಪೈಪು ಸೇದುವ ಮನುಷ್ಯನ ಹಲ್ಲು, ಅಂಚಿನಲ್ಲಿ ಕಂದು ಗೆರೆ ಬಿಡಿಸಿದ್ದೇನೆ. ಇಷ್ಟು ಒಳ್ಳೆಯ ಹಲ್ಲನ್ನು ಐದು ವರ್ಷದಲ್ಲಿ ಮಾಡಿರಲಿಲ್ಲ. ಇನ್ನೊಂದು ಇಪ್ಪತ್ತೈದರ ಹುಡುಗಿಯದು. ಎರಡು ಡಬ್ಬಿಯ ಚೀಟಿಗಳನ್ನು ಅದಲುಬದಲು ಮಾಡಿ ಅಂಟಿಸಿದೆ. ಯಾರ ಬಾಯಿಗೂ ಪೆಟ್ಟಿಲ್ಲ, ಕೂರಿಸಲು ಹೋದರೆ ಕೂರುವುದಿಲ್ಲ, ಅಷ್ಟೇ. ನಲವತ್ತು ಜನರ ಮುಂದೆ ಒಡ್ನಿ ಮುದುಕನ ಬಾಯಿಗೆ ಹುಡುಗಿಯ ಹಲ್ಲು ಒತ್ತುತ್ತ ನಿಲ್ಲಬೇಕು.

ಅಂಚೆಗೆ ಕೊಟ್ಟು ಬರುವಾಗ ಬೇಕರಿಯಲ್ಲಿ ಏಲಕ್ಕಿ ಬನ್ನು ಕೊಂಡು ದಾರಿಯಲ್ಲೇ ತಿಂದೆ. ತಿಂಗಳ ಮೇಲೆ ಹಸಿವಾಯಿತು.

ಜನವರಿ 23, ಗುರುವಾರ

ಈಗ ಎರಡು ಗಂಟೆ. ಈಗ ಅವಳು ನಲವತ್ತು ಜನರ ಮುಂದೆ ನಿಂತಿರಬೇಕು.

ಜನವರಿ 24, ಶುಕ್ರವಾರ

ಒಡ್ನಿಯೇ ಫೋನ್ ಮಾಡಿದಳು. ಅಳುತ್ತಾಳೆಂದು ಕಾದೆ. ಅವಳು ನಗುತ್ತಿದ್ದಳು.

"ಏನಾಯ್ತು ಗೊತ್ತಾ, ಹಲ್ಲೇ ಬದಲಾಗಿತ್ತು ಕಣೆ. ಹುಡುಗಿ ಹಲ್ಲು ಇಟ್ಕೊಂಡು ಮುದುಕಪ್ಪನ ಬಾಯಲ್ಲಿ ಜಾಗ ಹುಡುಕ್ತಾ ಇದೀನಿ. ಕೊನೆಗೆ ಹೇಳ್ಬಿಟ್ಟೆ, ಸ್ವಾಮಿ, ನಿಮಗೆ ಮೂವತ್ತು ವರ್ಷ ಕಡಿಮೆ ಮಾಡೋಕೆ ಹೊರಟಿದ್ದೆ, ಒಂದು ಹಲ್ಲಿಂದ ಆಗಲ್ಲ ಅಂತ. ಮುದುಕಪ್ಪನೇ ಮೊದ್ಲು ನಕ್ಕಿದ್ದು. ಅಷ್ಟೊತ್ತಿಗೆ ನೀನು ಅವನಿಗೆ ಅಂತ ಮಾಡಿದ ಹಲ್ಲು ಇನ್ನೊಂದು ತಟ್ಟೆಲಿ ಸಿಕ್ತು, ಓಡಿಹೋಗಿ ತಂದು ಕೂರಿಸಿದೆ. ಚಪ್ಪಾಳೆ. ಮೂರು ಡಾಕ್ಟರು ಅಲ್ಲೇ ಕೆಲಸ ಕೊಟ್ರು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಪಾಪ, ಪ್ಯಾಕಿಂಗ್ ಮೇಜಿನ ದನೂತಾನ ಕೆಲಸದಿಂದ ಕಳಿಸ್ಬಿಟ್ರು," ಎಂದಳು ಆಮೇಲೆ. "ಅವಳೇ ತಟ್ಟೆ ಬದಲಾಯಿಸಿದ್ದು ಅಂತ ಪ್ರೇಬೆನ್. ಅವಳು ಏಜೆನ್ಸಿಯಿಂದ ಬಂದೋಳಲ್ವಾ, ಒಂದು ಫೋನ್ ಸಾಕಾಯ್ತು. ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಹೋದ್ಲು, ಒಂದು ಗಂಟೆಗೆ ಬೇರೆಯವಳು ಬಂದು ಕೂತಿದ್ಲು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೆ ನಿಜ ಬರೆಯುತ್ತೇನೆ. ಮೊದಲು ನನ್ನನ್ನು ಸುಟ್ಟದ್ದು ದನೂತಾಳ ಸುದ್ದಿಯಲ್ಲ, ಚಪ್ಪಾಳೆಯ ಸುದ್ದಿ.

ಫೆಬ್ರವರಿ 3, ಸೋಮವಾರ

ಕೆಲಸಕ್ಕೆ ಹೋದೆ. ಎರಡು ಹಲ್ಲು.

ಫೆಬ್ರವರಿ 4, ಮಂಗಳವಾರ

ಒಂದು. ಅದನ್ನೂ ಮತ್ತೆ ಮಾಡಬೇಕು.

ಫೆಬ್ರವರಿ 8, ಶನಿವಾರ

ಲೈಡುಲ್ಫ್‌ಗೆ ಹೇಳಿದೆ. ದೋಣಿಯ ತಳಕ್ಕೆ ಬಣ್ಣ ಬಳಿಯುತ್ತಿದ್ದವನು ಕುಂಚ ಕೆಳಗಿಡಲೇ ಇಲ್ಲ.

"ಆ ಹೆಂಗಸಿಗೆ ಎಷ್ಟು ಸಿಗ್ತಿತ್ತು? ನೀನು ನೋಡಿದ್ದೀಯಲ್ಲ."

"ಎರಡು ಲಕ್ಷದ ಎಪ್ಪತ್ತೊಂದು ಸಾವಿರ." ಥಟ್ಟನೆ ಬಂತು. ಉಳಿದವರ ಸಂಖ್ಯೆಗಳು ಒಂದೂ ನೆನಪಿಲ್ಲ, ಒಡ್ನಿಯದು ಬಿಟ್ಟು.

"ಇಲ್ಲಿ ಫ್ಯಾಕ್ಟರಿಯಲ್ಲಿ ಮೀನಿನ ತಲೆ ಕತ್ತರಿಸುವವರಿಗೂ ಅದಕ್ಕಿಂತ ಜಾಸ್ತಿ ಉಂಟು," ಎಂದ. "ಅದೂ ಓಸ್ಲೋದ ಬಾಡಿಗೆ ಕಟ್ಟಿಕೊಂಡು. ನೀನು ಮೇಲಿನವರನ್ನು ನೋಡಿ ಹೊಟ್ಟೆ ಉರಿಸಿಕೊಂಡೆ ಮಾರಾಯ್ತಿ. ಕೆಳಗೆ ನೋಡ್ಲೇ ಇಲ್ಲ."

ನನಗೆ ಉಪದೇಶ ಬೇಡ ಎಂದೆ. ನಾನು ಉಪದೇಶ ಮಾಡುತ್ತಿಲ್ಲ, ಬಣ್ಣ ಬಳಿಯುತ್ತಿದ್ದೇನೆ ಎಂದ ಅವನು.

ಫೆಬ್ರವರಿ 12, ಬುಧವಾರ

ಪ್ರೇಬೆನ್‌ಗೆ ಫೋನ್ ಮಾಡಿ ಹೇಳಿಬಿಟ್ಟೆ. ಚೀಟಿ ಬದಲಾಯಿಸಿದವಳು ನಾನು, ಬೇಕೆಂದೇ ಮಾಡಿದ್ದು, ದನೂತಾಳನ್ನು ವಾಪಸ್ ಕರೆಸಿ.

ಅವನು ಕೂಗಾಡುತ್ತಾನೆಂದುಕೊಂಡಿದ್ದೆ. ಕೂಗಾಡಿದ್ದರೆ ಒಳ್ಳೆಯದಿತ್ತು.

"ಯಾಕೆ ಕರೆಸ್ಬೇಕು? ಹೊಸಬಳು ಕೆಲಸ ಕಲ್ತಾಯ್ತು. ಇದು ಓಸ್ಲೋ ಗುನ್ವೋರ್, ಪ್ಯಾಕಿಂಗ್ ಮೇಜಿಗೆ ಜನ ಸಾಲು ನಿಂತಿರ್ತಾರೆ."

"ತಪ್ಪು ನನ್ನದು. ನನ್ನನ್ನು ತೆಗೀರಿ."

"ನಿಮ್ಮನ್ನ ತೆಗೆದು ನಾನೇನ್ ಮಾಡ್ಲಿ? ಆ ಮುದುಕಪ್ಪನ ಹಲ್ಲು ನೋಡಿ ಡಾಕ್ಟರುಗಳು ಇನ್ನೂ ಮಾತಾಡ್ತಿದಾರೆ. ಅಂಥ ಕೈ ಇನ್ನೆಲ್ಲಿ ಹುಡುಕ್ಲಿ?" ಅದೇ ಉಸಿರಿನಲ್ಲಿ ಹೇಳಿದ, "ಡಿಸೆಂಬರ್‌ನಲ್ಲೇ ನಿಮ್ಮ ಮಾತು ಕೇಳ್ಬೇಕಿತ್ತು ನಾನು. ಒಡ್ನಿಗೆ ಎಷ್ಟೋ ನಿಮಗೂ ಅಷ್ಟೇ ಕೊಡೋಣ. ಫ್ಲೋರೋದಲ್ಲೇ ಇರಿ. ಈ ಚೀಟಿ ವಿಷಯ ಮಾತ್ರ ನಮ್ಮಿಬ್ಬರಲ್ಲೇ ಇರ್ಲಿ."

ಯೋಚಿಸಿ ಹೇಳುತ್ತೇನೆ ಎಂದೆ.

ಫೆಬ್ರವರಿ 14, ಶುಕ್ರವಾರ

ಸಹಿ ಹಾಕಿದೆ. ಮಾರ್ಚ್‌ನಿಂದ ಹೊಸ ಸಂಬಳ. ನ್ಯಾಯವಾಗಿ ನನ್ನದೇ, ಯಾರ ಭಿಕ್ಷೆಯೂ ಅಲ್ಲ.

ಫೆಬ್ರವರಿ 15, ಶನಿವಾರ

ನ್ಯಾಯವಾಗಿ ನನ್ನದೇ.

ಫೆಬ್ರವರಿ 19, ಬುಧವಾರ

ಡಿಸೆಂಬರ್‌ನಲ್ಲಿ ಬಾಯಿಬಿಟ್ಟು ಕೇಳಿದಾಗ ಸಿಗದಿದ್ದದ್ದು ಫೆಬ್ರವರಿಯಲ್ಲಿ ದ್ರೋಹ ಮಾಡಿದ ಮೇಲೆ ಸಿಕ್ಕಿದೆ. ಪ್ರೇಬೆನ್ ನನ್ನ ಕೈಯನ್ನು ಕೊಳ್ಳಲಿಲ್ಲ, ಬಾಯಿಯನ್ನು ಕೊಂಡ. ಅವನಿಗೆ ನಾನು ಸುಲಭಕ್ಕೆ ಸಿಕ್ಕದ ಸರಕು, ದನೂತಾ ರಾಶಿ ಬಿದ್ದ ಸರಕು. ಅವನ ತಕ್ಕಡಿಯಲ್ಲಿ ಸುಳ್ಳು, ನಿಜ ಎಂಬ ತೂಕಗಳೇ ಇಲ್ಲ. ಅವನ ಕುತ್ತಿಗೆ ಹಿಸುಕಬೇಕೆನಿಸುತ್ತದೆ. ಒಡ್ನಿಯ ಮೇಲೆ ಹುಡುಕಿದರೂ ಕೋಪ ಸಿಗುತ್ತಿಲ್ಲ.

ಅವಳಿಗೆ ಫೋನ್ ಮಾಡಿ ದನೂತಾಳ ವಿಳಾಸ ಕೇಳಿದೆ. ಯಾಕೆ ಎಂದು ಅವಳು ಕೇಳಲಿಲ್ಲ.

"ನಾನು ಎರಡು ಸಲ ಹೋಗಿದ್ದೆ," ಎಂದಳು. "ಎರಡನೇ ಸಲ ಬಾಗಿಲು ತೆಗೀಲಿಲ್ಲ."

ಮಾರ್ಚ್ 1, ಶನಿವಾರ. ಓಸ್ಲೋ ವಿಮಾನ ನಿಲ್ದಾಣ

ಇನ್ನೂ ಒಂದೂವರೆ ಗಂಟೆ ಇದೆ. ಮರೆಯುವ ಮೊದಲು ಎಲ್ಲ ಬರೆದುಬಿಡಬೇಕು.

ಊರಿನ ಪೂರ್ವದ ತುದಿ, ಮೆಟ್ರೋದ ಕೊನೆಯ ನಿಲ್ದಾಣಕ್ಕೆ ಎರಡು ಮೊದಲು. ಬಾಗಿಲ ಮೇಲೆ ನಾಲ್ಕು ಜನರ ಹೆಸರು ಅಂಟಿಸಿತ್ತು. ದನೂತಾ ನನಗೆ ಬಾಗಿಲು ತೆರೆದಳು. ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಇಟ್ಟಳು.

"ನಿಮ್ಮ ಹೆಸರು ನಂಗೆ ಮೊದ್ಲೇ ಗೊತ್ತು," ಎಂದಳು. "ಡಿಸೆಂಬರ್‌ನಲ್ಲಿ ನನ್ನ ಸಂಬಳ ನೋಡಿದ್ರಿ. ಈ ದೇಶಕ್ಕೆ ಬಂದು ಆರು ವರ್ಷ ಆಯ್ತು, ಯಾವತ್ತೂ ಯಾರೂ ನೋಡಿರಲಿಲ್ಲ. ಯೂನಿಯನ್‌ನವರಿರಬೇಕು ಅಂದ್ಕೊಂಡೆ. ನಂಗೆ ಎಷ್ಟು ಸಿಗತ್ತೆ ಅಂತ ಕೊನೆಗೂ ಒಬ್ಬರಾದ್ರೂ ಕೇಳಿದ್ರಲ್ಲ ಅಂತ ಖುಷಿಯಾಗಿತ್ತು. ಆವತ್ತು ಅದನ್ನೇ ಕೇಳೋಣ ಅಂತ ಬಂದೆ, ನೀವು ಹೊರಟ್ಹೋದ್ರಿ."

ಅದಾದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಆದರೂ ಹೇಳಿದೆ. ಚೀಟಿ, ಒಡ್ನಿ, ಪ್ರೇಬೆನ್, ಹೊಸ ಸಂಬಳ, ಎಲ್ಲ. ಹೇಳುವಾಗ ಕಣ್ಣಲ್ಲಿ ನೀರು ಬಂತು. ಅವಳು ಕಾಗದದ ಕರವಸ್ತ್ರ ಕೊಡಲಿಲ್ಲ. ನನ್ನ ಮುಂದಿದ್ದ ಕಾಫಿ ಲೋಟವನ್ನು ಎತ್ತಿಕೊಂಡು ಹೋಗಿ ತೊಟ್ಟಿಗೆ ಚೆಲ್ಲಿ ಬಂದು ಕೂತಳು.

ನಾನು ತಂದಿದ್ದ ಲಕೋಟೆಯನ್ನು ಮೇಜಿನ ಮೇಲಿಟ್ಟೆ. ಒಂದು ಬೆರಳಿನಿಂದ ಅದನ್ನು ವಾಪಸ್ ತಳ್ಳಿದಳು.

"ಅವರು ನಿಮಗೆ ದುಡ್ಡು ಕೊಟ್ಟು ಸುಮ್ಮನಿರಿಸಿದ್ರು. ಈಗ ನೀವು ನಂಗೆ. ಚೆನ್ನಾಗಿದೆ." ಅವಳ ದನಿ ಏರಲಿಲ್ಲ. "ಏಜೆನ್ಸಿ ಫೈಲಲ್ಲಿ ನನ್ನ ಹೆಸರಿನ ಮುಂದೆ ಬೇಜವಾಬ್ದಾರಿ ಅಂತ ಬರೆದಿದಾರೆ. ಐದು ವಾರ ಆಯ್ತು, ಎಲ್ಲೂ ಕಳಿಸಿಲ್ಲ. ಏಪ್ರಿಲ್‌ಗೆ ಈ ರೂಮ್ ಬಿಡ್ಬೇಕು. ನಿಮ್ಮ ಕಣ್ಣೀರು ನಂಗೆ ಬೇಡ. ಕಾಗದ ಬೇಕು. ಬರೀರಿ."

ಹಾಳೆ ತಂದಳು, ಪೆನ್ನು ತಂದಳು. ಬರೆದೆ. ಅವಳು ಒಂದೊಂದೇ ಪದದ ಕೆಳಗೆ ಉಗುರಿಟ್ಟು ಓದಿದಳು.

"'ಅವಸರದಲ್ಲಿ ಚೀಟಿ ಅದಲುಬದಲಾಯಿತು' ಅಂತ ಇದೆ. ಅವಸರ ಇತ್ತಾ ನಿಮಗೆ?"

"ಇಲ್ಲ."

ಹಾಳೆ ಹರಿದಳು. ಎರಡನೆಯದರಲ್ಲಿ ಬೇಕೆಂದೇ ಮಾಡಿದೆ ಎಂದು ಬರೆದೆ. ಯಾಕೆ ಎಂದು ಇಲ್ಲವಲ್ಲ ಎಂದಳು. ಸಹೋದ್ಯೋಗಿಯ ಸಂಬಳ ಕಂಡು ಹೊಟ್ಟೆಕಿಚ್ಚಿನಿಂದ ಎಂದು ಸೇರಿಸಿದೆ. ಅದನ್ನೂ ಹರಿದಳು.

"ಫೆಬ್ರವರಿ ಹನ್ನೆರಡಕ್ಕೆ ಯಜಮಾನರಿಗೆ ಗೊತ್ತಾಗಿತ್ತು, ಗೊತ್ತಾದ ಮೇಲೂ ನನ್ನ ಫೈಲು ಸರಿ ಮಾಡ್ಲಿಲ್ಲ, ನಿಮ್ಮ ಸಂಬಳ ಜಾಸ್ತಿ ಮಾಡಿದ್ರು. ಅದೂ ಬರಬೇಕು. ತಾರೀಖು ಸಮೇತ, ಎಷ್ಟು ಅನ್ನೋದು ಸಮೇತ."

ಮೂರನೆಯದನ್ನು ಬರೆದೆ. ಮೂವತ್ತು ವರ್ಷ ಕೂದಲೆಳೆಯ ಗೆರೆ ಬಿಡಿಸಿದ ಕೈ, ಅಕ್ಷರಗಳು ಸೊಟ್ಟಗಾದವು. ಅವಳು ಅವಸರ ಮಾಡಲಿಲ್ಲ. ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತ ಕೂತಿದ್ದಳು. ಅವಳ ಮುಖದಲ್ಲಿ ಒಂದು ಬಗೆಯ ಸುಖವಿತ್ತು. ಅದನ್ನು ನೋಡಿ ನನಗೆ ಕೋಪ ಬರಲಿಲ್ಲ. ಅದು ಅವಳಿಗೆ ಸಲ್ಲಬೇಕಾದದ್ದೇ.

ಸಹಿ ಹಾಕಿ ಕೊಟ್ಟೆ. ಎರಡು ಸಲ ಓದಿ ನಾಲ್ಕಾಗಿ ಮಡಚಿದಳು.

"ಸೋಮವಾರ ಯೂನಿಯನ್‌ಗೆ ಕೊಡ್ತೀನಿ, ಒಂದು ಪ್ರತಿ ಏಜೆನ್ಸಿಗೆ. ನಿಮ್ಮ ಕೆಲಸ ಹೋಗಬಹುದು."

"ಗೊತ್ತು."

"ನಿಮ್ಮೂರಲ್ಲಿ ಹಲ್ಲು ಮಾಡೋ ಜಾಗ ಇನ್ನೊಂದಿದೆಯಾ?"

"ಇಲ್ಲ."

"ಭಯ ಆಗ್ತಿದೆಯಾ?"

"ಆಗ್ತಾ ಉಂಟು," ಎಂದೆ.

"ಒಳ್ಳೇದು," ಎಂದು ಕೈ ಚಾಚಿ ಪೆನ್ನು ವಾಪಸ್ ಕೇಳಿದಳು.